ಒಂದು ಟೇಪು, ಎರಡು ಎದೆ

"ಈ ತೂತು ಯಾರು ಹಾಕಿದ್ದು ಮೇಡಂ?"

ಸಬ್ ಇನ್ಸ್‌ಪೆಕ್ಟರ್ ವೆಂಕೋಬ ಒಂದು ಚರ್ಮದ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಿದ್ದ. ಪಟ್ಟಿಯಿಂದ ಚರ್ಮದ ಚೀಲವೊಂದು ತೂಗುತ್ತಿತ್ತು. ಚೀಲದೊಳಗೆ ಅರ್ಧ ಇಟ್ಟಿಗೆಯಷ್ಟು ದಪ್ಪದ ಟೇಪ್ ರೆಕಾರ್ಡರು, ಅದರಿಂದ ಹೊರಟ ತಂತಿಗಳ ತುದಿಗೆ ಎದೆಗೆ ಅಂಟಿಸುವ ಬಿಲ್ಲೆಗಳು. ಸೊಂಟಕ್ಕೆ ಕಟ್ಟಿಕೊಂಡು ಒಂದು ಹಗಲು ಒಂದು ರಾತ್ರಿ ಓಡಾಡಿದರೆ ಎದೆಯ ಪ್ರತಿಯೊಂದು ಬಡಿತವನ್ನೂ ಹಿಡಿದಿಡುವ ಯಂತ್ರ. 1986ರ ಗಂಗಾವತಿ ಅಂಥದ್ದನ್ನು ಕಂಡದ್ದು ಅದೇ ಮೊದಲು.

ಡಾಕ್ಟರ್ ವಿರೂಪಾಕ್ಷಮ್ಮ ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. ಪಟ್ಟಿಗೆ ಕಂಪನಿಯವರು ಹಾಕಿದ ತೂತುಗಳು ದುಂಡಗೆ, ಹಿತ್ತಾಳೆಯ ಬಳೆ ತೊಟ್ಟು ಸಾಲಾಗಿ ಕೂತಿದ್ದವು. ಅವುಗಳಿಂದ ಗೇಣು ದೂರದಲ್ಲಿ ಇನ್ನೊಂದು ತೂತಿತ್ತು. ಅದಕ್ಕೆ ಬಳೆಯೂ ಇಲ್ಲ, ದುಂಡೂ ಇಲ್ಲ. ಮೊಳೆ ಇಟ್ಟು ಕಲ್ಲಿನಿಂದ ಗುದ್ದಿದ ಹಾಗಿತ್ತು.

"ನಾನಂತೂ ಹಾಕಿಲ್ಲ. ಇದು ಬೆಂಗಳೂರಾಗ ನಮ್ಮ ಗುರುಗಳ ಕಡಿಂದ ಎರವಲು ತಂದದ್ದು. ಇಲ್ಲಿ ಕಟ್ಟಿದ್ದು ಒಬ್ಬಗ ಮಾತ್ರ, ಆ ಕನಕಪ್ಪಗ. ಎದಿ ನೋವು ಅಂತ ಬಂದಿದ್ದ."

"ಕನಕಪ್ಪನ ಹೊಟ್ಟಿ ನೋಡೀರಲ್ಲ?"

ಡಾಕ್ಟರಿಗೆ ನಗು ಬಂತು. "ನೋಡಲಾರದ ಏನು? ಕಡೀ ತೂತಿಗೆ ಸಿಗಸೂದ್ರಾಗ ನಮ್ಮ ನರ್ಸಮ್ಮಗ ಬೆವರು ಬಂತು."

"ಹಂಗಾರ ಈ ತೂತು ಯಾರ ಸೊಂಟಕ್ಕ ಹಾಕಿದ್ದು?"

ಡಾಕ್ಟರ ನಗು ಅರ್ಧಕ್ಕೇ ನಿಂತಿತು.

ಕಾಲುವೆಯ ತೂಬು ಕಾಯುವ ನೀರಗಂಟಿ ಗವಿಸಿದ್ದಪ್ಪ ಹೆಣವಾಗಿ ತೇಲಿದ ಆ ರಾತ್ರಿ, ಅವನ ಅಕ್ಕನ ಗಂಡ ಕನಕಪ್ಪ ಮನೆಯಲ್ಲೇ ಮಲಗಿದ್ದನೆಂಬುದಕ್ಕೆ ಈ ಯಂತ್ರವೇ ಸಾಕ್ಷಿಯಾಗಿತ್ತು. ಟೇಪಿನಲ್ಲಿ ಎದೆರೋಗ ಕಂಡಿತ್ತು ನಿಜ, ಆದರೆ ಓಡಿದ, ಹೊಡೆದಾಡಿದ ಗುರುತಿರಲಿಲ್ಲ; ತಲೆ ಬಡಿದು ಮನುಷ್ಯನನ್ನು ನೀರಿಗೆ ನೂಕುವವನ ಎದೆ ಹೀಗೆ ಮಲಗೀತೆ? "ಮನುಷ್ಯಾ ಸುಳ್ಳು ಹೇಳಬಹುದು, ಯಂತ್ರ ಹೇಳ್ತದೇನ್ರಿ?" ಎಂದು ಕೊಪ್ಪಳದ ದೊಡ್ಡ ಸಾಹೇಬರು ಕೈ ಝಾಡಿಸಿಬಿಟ್ಟಿದ್ದರು. ನಾಳೆ ಬೆಳಿಗ್ಗೆ ಈ ಕೇಸಿಗೆ ಕಾಲು ಜಾರಿ ಬಿದ್ದು ಸಾವು ಎಂದು ಬರೆದು ಮುಚ್ಚಬೇಕು. ಅದು ಹುಕುಂ.

ಆದರೆ ಹುಕುಮಿಗೆ ನಿದ್ದೆ ಬರುತ್ತದೆ, ವೆಂಕೋಬನಿಗೆ ಬರುತ್ತಿರಲಿಲ್ಲ. ಸಾಯುವ ದಿನ ಬೆಳಿಗ್ಗೆ ಗವಿಸಿದ್ದಪ್ಪ ಠಾಣೆಗೆ ಬಂದಿದ್ದ. ರಾತ್ರಿ ತೂಬು ಎತ್ತಿ ಊರಿನ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಳ್ಳುವವನ ಹೆಸರನ್ನು ನಾಳೆ ಮುನಿರಾಬಾದಿನ ನೀರಾವರಿ ಸಾಹೇಬರ ಮುಂದೆ ಹೇಳಿಬಿಡುತ್ತೇನೆ, ಅವ ನನ್ನ ಸ್ವಂತದವನೇ ಆದರೂ ಬಿಡುವುದಿಲ್ಲ ಎಂದಿದ್ದ. ಆ ನಾಳೆ ಅವನಿಗೆ ಬರಲೇ ಇಲ್ಲ.

ಅದೂ ಅಲ್ಲದೆ ಕನಕಪ್ಪ ಠಾಣೆಯಲ್ಲಿ ಆಡಿದ ಮಾತೊಂದು ವೆಂಕೋಬನ ಗಂಟಲಲ್ಲಿ ಮುಳ್ಳಾಗಿ ಉಳಿದಿತ್ತು. "ಮಿಷೀನ ನನ್ನ ಎದಿ ಬಿಟ್ಟು ಒಂದ ಗಳಿಗಿನೂ ಕದಲಿಲ್ಲರಿ." ಕದಲಿತ್ತೇ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರುಂಟು. ಇವನಾದರೋ ಕುಂಬಳಕಾಯಿಯ ಹೆಸರೆತ್ತುವ ಮೊದಲೇ ಹೆಗಲು ಒರೆಸಿಕೊಂಡಿದ್ದ.

"ಮೇಡಂ, ಆ ಕಾಗದ ಇನ್ನೊಮ್ಮೆ ಹಾಸ್ರಿ. ರೋಗ ಯಾವ ಭಾಗದಾಗ ಐತಿ? ಹಗಲಿನ ಭಾಗದಾಗೋ, ರಾತ್ರಿ ಭಾಗದಾಗೋ?"

ಡಾಕ್ಟರು ಬೀರುವಿನಿಂದ ಕಾಗದದ ಸುರುಳಿ ತೆಗೆದರು. ಬೆಂಗಳೂರಿನಲ್ಲಿ ಟೇಪನ್ನು ಇನ್ನೊಂದು ದೊಡ್ಡ ಯಂತ್ರಕ್ಕೆ ಹಾಕಿ ಅಚ್ಚು ಹೊಡೆಸಿ ತಂದದ್ದು. ಬಿಚ್ಚಿದರೆ ಮೇಜಿನಿಂದ ಇಳಿದು ನೆಲದ ಮೇಲೆ ಹರಿದು ಸ್ಟೂಲಿನ ಕಾಲಿಗೆ ಸುತ್ತಿಕೊಂಡಿತು. ಇಬ್ಬರೂ ಬಗ್ಗಿ ನೋಡತೊಡಗಿದರು.

"ಹಗಲೆಲ್ಲಾ ಚಂದ ಅದ ನೋಡ್ರಿ. ಬಡಿತ ಎಲ್ಲಾ ಎತ್ತರಕ್ಕ, ಒಂದೇ ಸಮ." ಡಾಕ್ಟರ ಬೆರಳು ಮುಂದೆ ಸರಿಯಿತು. "ಇಲ್ಲಿ, ಸಂಜಿಮುಂದ, ಗೆರಿ ಎಲ್ಲಾ ಕಲಸಿ ಮುದ್ದಿ ಆಗ್ಯಾವು. ಬಿಲ್ಲೆ ಸಡಲ ಆಗಿರಬೇಕು ಅಂತ ನಾ ಅನ್ಕೊಂಡೆ. ಅದಾದ ಮ್ಯಾಲೆ ಬಡಿತ ಗಿಡ್ಡ ಆಗ್ಯಾವು. ಇಲ್ಲಿಂದನ ತ್ರಾಸು ಸುರು. ಒಂದು ಬಡಿತ ತಪ್ಪತದ, ಆಮ್ಯಾಲೆ ಮೂರು ನಾಕು ಗಡಿಬಿಡಿಲೆ ಓಡಿ ಬರ್ತಾವು. ರಾತ್ರಿಯೆಲ್ಲಾ ಇದ ಹಾಡು."

"ಮುಂದ?"

"ನಸುಕಿನ್ಯಾಗ ಮತ್ತ ಕಲಸೇದ. ಅದಾದ ಮ್ಯಾಲೆ…"

ಅವರು ಕಾಗದವನ್ನು ಕಣ್ಣಿಗೆ ಹತ್ತಿರ ತಂದರು. ಆಮೇಲೆ ಕುರ್ಚಿಯ ಮೇಲೆ ಕೂತುಬಿಟ್ಟರು.

"ಅದಾದ ಮ್ಯಾಲೆ ಮತ್ತ ಎತ್ತರ. ಮತ್ತ ಒಂದೇ ಸಮ."

"ಅಂದ್ರ ಎರಡು ಸಲ ಬಿಲ್ಲೆ ಕಿತ್ತು ಹಚ್ಯಾರ," ಎಂದ ವೆಂಕೋಬ. "ಒಂದು ಟೇಪು, ಎರಡು ಎದಿ. ರಾತ್ರಿ ಎದಿ ಬ್ಯಾರೆಯವರದು."

ಡಾಕ್ಟರಿಗೆ ಕೊಲೆಗಾರನ ಚಿಂತೆ ಆಮೇಲೆ; ಮೊದಲು ಬಂದದ್ದು ರೋಗಿಯ ಚಿಂತೆ.

"ಅಯ್ಯೋ ದೇವರ! ನಾ ಕನಕಪ್ಪಗ ಎದಿ ಬಡಿತ ಇಳಿಸೋ ಗುಳಿಗಿ ಕೊಟ್ಟೀನಿ. ಅವನ ಎದಿ ಗಟ್ಟಿ ಐತಿ ಅಂದ್ರ ಆ ಗುಳಿಗಿ ಅವಗ ಒಳ್ಳೇದಲ್ಲ. ಒಂದು ಹೆಚ್ಚಾದ್ರೂ ಜೀವಕ್ಕ ಕುತ್ತು ಅಂತ ಅವನ ಹೆಂಡ್ತಿನ ಮುಂದ ಕುಂದ್ರಿಸಿಕೊಂಡು ಹೇಳಿ ಕಳಿಸೀನಿ. ಇತ್ತ ಖರೇ ರೋಗದವರು ಗುಳಿಗಿ ಇಲ್ಲದ ಅಡ್ಡಾಡಾಕತ್ತಾರ. ಅವರನ್ನ ಇವತ್ತ ಕರಕೊಂಡು ಬರ್ರಿ. ಒಂದು ದೊಡ್ಡ ಗಾಬರಿ ಆದ್ರ ಆ ಎದಿ ತಡಿಯೂದಿಲ್ಲ."

"ಕನಕಪ್ಪಗ ಗೊತ್ತಿರತೈತಲ್ಲ, ರಾತ್ರಿ ಎದಿ ತನ್ನದಲ್ಲ ಅಂತ? ಮತ್ಯಾಕ ಗುಳಿಗಿ ನುಂಗ್ತಾನ?"

"ರೋಗ ಹಗಲಿನ ಭಾಗದಾಗೋ ರಾತ್ರಿ ಭಾಗದಾಗೋ ಅಂತ ಅವಗ ನಾ ಎಲ್ಲಿ ಹೇಳೀನಿ? ಎದಿ ಸರಿ ಇಲ್ಲ ಅಂದೆ, ಅಷ್ಟ. ಅಂಜಿಬಿಟ್ಟ."

ಡಾಕ್ಟರು ಮತ್ತೆ ಕಾಗದದತ್ತ ಬಾಗಿದರು. "ಇನ್ನೊಂದು ಅದ. ಈ ರಾತ್ರಿ ಎದಿ ಒಮ್ಮೆ ಭಾಳ ಜೋರು ಹಾರೇದ. ಇಲ್ಲಿ, ದೀಪ ಹಚ್ಚೋ ಹೊತ್ತಿಗೆ. ಓಡಿದ್ದಲ್ಲ, ಭಾರ ಹೊತ್ತದ್ದಲ್ಲ. ಕುಂತಲ್ಲೇ ಹಾರೇದ. ಇಳಿಯಾಕ ಭಾಳ ಹೊತ್ತು ಹಿಡದದ. ಆ ಹೊತ್ತಿಗೆ ಅವರ ಮನಿಗೆ ಯಾರೋ ಬಂದಿರಬೇಕು ನೋಡ್ರಿ."

ವೆಂಕೋಬ ಪಟ್ಟಿಯನ್ನು ಮಡಚಿ ಕೈಗೆತ್ತಿಕೊಂಡ.

ಬಂದವನು ಅವನೇ. ಗವಿಸಿದ್ದಪ್ಪನ ಮಾತು ಕೇಳಿ ಕನಕಪ್ಪನನ್ನು ವಿಚಾರಿಸಲೆಂದು ಅಂದು ದೀಪ ಹಚ್ಚುವ ಹೊತ್ತಿಗೆ ಅವನು ಆ ಅಂಗಳದಲ್ಲಿ ನಿಂತಿದ್ದ. ಬಾಗಿಲ ಮರೆಯಿಂದ ಹೆಣ್ಣುದನಿ ಬಂದಿತ್ತು. "ಮಲಗ್ಯಾರ್ರಿ. ಮಿಷೀನ ಕಟ್ಯಾರ, ಎಬ್ಬಸಬಾರದಂತ." ಆ ದನಿ ಕೇಳಿದ ಮೇಲೆ ಅಲ್ಲಿ ನಿಲ್ಲುವ ಶಕ್ತಿ ಅವನಿಗಿರಲಿಲ್ಲ. ಒಳಗೆ ಹೋಗಿ ನೋಡದೆ ಹಿಂದಿರುಗಿದ್ದ. ಕನಕಪ್ಪ ಮನೆಯಲ್ಲೇ ಮಲಗಿದ್ದನೆಂದು ವರದಿಯನ್ನೂ ಅವನೇ ಬರೆದಿದ್ದ.

ಆ ದನಿ ಕನಕಪ್ಪನ ಹೆಂಡತಿ ಫಕೀರಮ್ಮನದು.

*

ಜೀಪು ಹೇಮಗುಡ್ಡದ ರಸ್ತೆ ಹಿಡಿದಿತ್ತು. ಬಿಸಿಲು ಏರಿತ್ತು. ಎಡಕ್ಕೆ ಕಾಲುವೆ, ಬಲಕ್ಕೆ ಕಣ್ಣು ಹೋದಷ್ಟು ದೂರ ಭತ್ತ. ಮುಂದೆ ಹೋಗುತ್ತಿದ್ದ ಟೆಂಪೊ ಗದ್ದೆ ಮಾಡುವವರ ಮನೆಗಳ ಒಂದು ಕ್ಯಾಂಪಿನ ಹತ್ತಿರ ನಿಂತು ಯಾರನ್ನೋ ಹತ್ತಿಸಿಕೊಂಡು ಧೂಳೆಬ್ಬಿಸುತ್ತ ಹೊರಟಿತು. ಡ್ರೈವರ್ ಮದಾರಸಾಬ ಅದರ ಅಪ್ಪ ಅಜ್ಜಂದಿರನ್ನು ನೆನೆದು ಗಾಜು ಒರೆಸಿಕೊಂಡ.

"ಸಾಹೇಬ್ರ, ನಮ್ಮ ಮನ್ಯಾಕಿ ಒಂದು ಮಾತು ಕೇಳಿದ್ಲರಿ. ಆ ಮಿಷೀನಿನ್ಯಾಗ ಎದಿ ಟೇಪ್ ಆಗತೈತಂತಲ್ಲ, ರೇಡಿಯೋಕ್ಕ ಹಚ್ಚಿದ್ರ ಹಾಡು ಬರತೈತೇನು ಅಂತ."

"ನೀ ಏನಂದಿ?"

"ನನ್ನ ಎದಿಗೆ ಹಚ್ಚಿದ್ರ ನಿನ್ನ ಹೆಸರು ಬರತೈತಿ ಅಂದೆ. ಅವತ್ತ ನಮ್ಮ ಮನ್ಯಾಗ ಮೀನಿನ ಸಾರು!"

ಬೇರೆ ದಿನವಾಗಿದ್ದರೆ ವೆಂಕೋಬ ನಗುತ್ತಿದ್ದ. ಇಂದು ಅವನ ಮಡಿಲಲ್ಲಿ ಆ ಚರ್ಮದ ಪಟ್ಟಿಯಿತ್ತು. ಹೆಬ್ಬೆರಳು ತನಗೆ ತಾನೇ ಮೊಳೆಯ ತೂತನ್ನು ಸವರುತ್ತಿತ್ತು. ಎಷ್ಟು ಸಣ್ಣ ನಡು! ಕನಕಗಿರಿಯ ಸಂತೆಯಲ್ಲಿ ಕಂಡಿದ್ದ ನಡು ಇಷ್ಟು ವರ್ಷವಾದರೂ ದಪ್ಪಗಾಗಿಲ್ಲ. ಕಾಳು ಕಡಿ ತುಂಬಿದ ಮನೆಯಲ್ಲಿದ್ದೂ ಅವಳಿಗೆ ಉಂಡ ಅನ್ನ ಮೈಗೆ ಹತ್ತಿಲ್ಲವೇ?

ಕನಕಗಿರಿಯ ಸಂತೆಯಲ್ಲಿ ಫಕೀರಮ್ಮ ತಾಯಿಯ ಜೊತೆ ವೀಳ್ಯದೆಲೆ ಮಾರುತ್ತಿದ್ದಳು. ಒದ್ದೆ ಗೋಣಿಯ ಮೇಲೆ ಎಲೆಯ ಕವಳಿ ಕಟ್ಟುಗಳನ್ನು ಜೋಡಿಸಿ ನೀರು ಚಿಮುಕಿಸುತ್ತ ಕೂರುವವಳು. ವೆಂಕೋಬ ವಾರ ತಪ್ಪದೆ ಎಲೆ ತರುತ್ತಿದ್ದ. ಅವನ ಮನೆಯಲ್ಲಿ ಎಲೆ ಹಾಕುವವರು ಒಬ್ಬರೂ ಇರಲಿಲ್ಲ. ಎಲ್ಲವೂ ಆಡಿನ ಪಾಲಾಗುತ್ತಿತ್ತು. "ನಮ್ಮ ಆಡಿಗೆ ಲಗ್ನ ಐತೇನೋ?" ಎಂದು ತಾಯಿ ಕೇಳಿದರೂ ಅವನಿಗೆ ಬುದ್ಧಿ ಬರಲಿಲ್ಲ. ಬುದ್ಧಿ ಬಂದದ್ದು ಅವಳ ಅಪ್ಪ ಕಾಲುವೆ ನೀರಿನ ಗದ್ದೆ ನೋಡಿ ಮಗಳನ್ನು ಕನಕಪ್ಪನಿಗೆ ಕೊಟ್ಟ ಮೇಲೆ. ಅಂದಿನಿಂದ ಅವನು ಎಲೆ ಅಂಗಡಿಯ ಮುಂದೆ ಹಾಯುವುದಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ವರ್ಗಾವಣೆಯ ನೆಪ ಹೇಳುತ್ತಾನೆ. ಊರವರು ಇಂಥವನಿಗೆ ಅರೆಹುಚ್ಚ ಎನ್ನುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.

ಈಗ ಮೊದಲ ಬಾರಿಗೆ ಅವನ ಕೈಯಲ್ಲೊಂದು ಪುರಾವೆ ಇತ್ತು. ಅವಳ ಬಾಯಿ ಎಂದೂ ಹೇಳದ್ದನ್ನು ಯಂತ್ರ ಹೇಳಿತ್ತು. ಆದರೆ ಅದನ್ನು ಕೋರ್ಟಿನಲ್ಲಿ ಇಟ್ಟರೆ ವಕೀಲ ಕೇಳುವುದು ಒಂದೇ ಮಾತು: ಫೌಜದಾರನ ದನಿ ಕೇಳಿ ಗಂಡನುಳ್ಳ ಗರತಿಯ ಎದೆ ಯಾಕೆ ಹಾರಿತು? ಕನಕಪ್ಪನ ಕೊರಳಿಗೆ ಹಗ್ಗ ಬೀಳುವ ಮೊದಲು ಫಕೀರಮ್ಮನ ಮಾನ ಹರಾಜಾಗುತ್ತದೆ. ಇಡದಿದ್ದರೆ ಗವಿಸಿದ್ದಪ್ಪ ಕಾಲು ಜಾರಿ ಬಿದ್ದವನಾಗಿಯೇ ಉಳಿಯುತ್ತಾನೆ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂದರೆ ಹೇಗೆ?

"ಬಂತರಿ ಕ್ಯಾಂಪು," ಎಂದ ಮದಾರಸಾಬ.

*

ಫಕೀರಮ್ಮ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ಬೂಟಿನ ಸಪ್ಪಳಕ್ಕೆ ಕೈ ನಿಂತಿತು, ಕಣ್ಣು ಮಾತ್ರ ಮೊರ ಬಿಟ್ಟು ಏಳಲಿಲ್ಲ.

"ಅವ್ರು ಮನ್ಯಾಗಿಲ್ಲರಿ."

"ನಾ ಅವರ ಕಡೆ ಬಂದಿಲ್ಲ. ನಿಮ್ಮ ಕಡೇನ ಬಂದೀನಿ."

ಅವಳು ಸೆರಗನ್ನು ಕೊರಳತನಕ ಎಳೆದುಕೊಂಡಳು. ಎಳೆಯುವ ಮುಂಚೆ ವೆಂಕೋಬನಿಗೆ ಕಂಡುಬಿಟ್ಟಿತು: ಕೊರಳ ಎಲುಬಿನ ಕೆಳಗೆ, ನಾಲ್ಕಾಣೆ ಬಿಲ್ಲೆಯಷ್ಟು ದುಂಡನೆಯ ಕಂದು ಕಲೆ. ಅಂಟು ಸುಟ್ಟ ಗುರುತು. ಅವನು ಕೂಡಲೇ ಬೇರೆ ಕಡೆ ನೋಡಿದ.

"ಅವತ್ತ ಸಂಜಿಮುಂದ ನಾ ಬಂದಾಗ ಕನಕಪ್ಪ ಮನ್ಯಾಗಿದ್ದಿಲ್ಲ."

"ಇದ್ರರಿ. ಮಲಗಿದ್ರು."

"ಮಿಷೀನ ಯಾರು ಕಟ್ಟಿದ್ರು?"

"ಅವ್ರ ಕಟ್ಟಿದ್ರು."

ವೆಂಕೋಬ ಚರ್ಮದ ಪಟ್ಟಿಯನ್ನು ಕಟ್ಟೆಯ ಮೇಲೆ ಇಟ್ಟ. ಮೊಳೆಯ ತೂತು ಮೇಲೆ ಬರುವ ಹಾಗೆ ಇಟ್ಟ.

ಫಕೀರಮ್ಮ ಅದನ್ನು ನೋಡುತ್ತ ಕೂತಳು. ಒಂದು ಗುಬ್ಬಿ ಮೊರಕ್ಕೇ ಬಂದು ಅಕ್ಕಿ ಹೆಕ್ಕಿತು, ಅವಳು ಓಡಿಸಲಿಲ್ಲ.

"ಇಳಿಗಿಮಣಿ ಮೊಳಿ ಕಿತ್ತು ತೂತು ಹಾಕಿದ್ರು," ಎಂದಳು ಕಡೆಗೆ. "ಸಡಲ ಆದ್ರ ಜಾರತೈತಿ ಅಂತ."

"ಯಾಕ ಕಟ್ಟಿದ್ರು ನಿಮಗ?"

"ಹೇಮಗುಡ್ಡಕ್ಕ ಹೋಗೂದೈತಿ, ಹರಕಿ ಐತಿ ಅಂದ್ರು. ದುರ್ಗಮ್ಮನ ಗುಡಿಯೊಳಗ ಚರ್ಮ ಒಯ್ಯಾಕ ಬರೂದಿಲ್ಲಲ್ಲರಿ. ಚಪ್ಪಲಿ ಬಿಡ್ತೀವಿ, ಬೆಲ್ಟ್ ಬಿಚ್ಚತೀವಿ. ಇದೂ ಚರ್ಮದ ಚೀಲ. ಬಿಚ್ಚಿ ಇಟ್ರ ಮಿಷೀನ ನಿಂತ ಹೋಗತೈತಿ, ಡಾಕ್ಟ್ರು ಬೈತಾರ, ನಾ ಬರೂತನಾ ನೀ ಕಟಗೊಂಡಿರು ಅಂದ್ರು. ಯಾರರ ಕೇಳಿದ್ರ ನಾ ಮಲಗೀನಿ ಅಂತ ಹೇಳು ಅಂದ್ರು. ಡಾಕ್ಟ್ರಿಗೆ ಗೊತ್ತಾಗಬಾರದು ಅಂತ ಇರಬೇಕು ಅಂದಕೊಂಡೆ ನಾನು."

"ನಂಬಿದ್ರಿ?"

"ದೇವರ ಹೆಸರ ಹೇಳಿದ್ರಲ್ಲರಿ."

ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಅತ್ತು ಮುಗಿಸಿದವರ ದನಿ ಅದು.

"ನಸುಕಿನ್ಯಾಗ ಬಂದ್ರು. ಧೋತರ ತೊಯ್ದಿತ್ತು. ಪ್ರಸಾದ ತರಲಿಲ್ಲೇನು ಅಂದೆ. ಮಾತಾಡಲಿಲ್ಲ, ಬಿಲ್ಲೆ ಕಿತ್ತಕೊಂಡು ತಮ್ಮ ಎದಿಗೆ ಹಚಗೊಂಡ್ರು. ಹೊತ್ತು ಏರಿದ ಮ್ಯಾಲೆ ತಮ್ಮನ ಹೆಣ ಸಿಕ್ಕತಿ ಅಂತ ಸುದ್ದಿ ಬಂತು. ನನ್ನ ಒಡಹುಟ್ಟಿದ ತಮ್ಮರಿ. ಅವನ ಜೀವ ಹೋಗೂ ಹೊತ್ತಿನ್ಯಾಗ ಇವರು ಮನ್ಯಾಗ ಇದ್ರು ಅಂತ ಸಾಕ್ಷಿ ಹೇಳಿದ್ದು ನನ್ನ ಎದಿ."

ವೆಂಕೋಬ ಕಟ್ಟೆಯ ತುದಿಗೆ ಕೂತ. ಜೇಬಿನಿಂದ ಡಾಕ್ಟರ ಸುರುಳಿಯ ತುಂಡೊಂದನ್ನು ತೆಗೆದು ಅವಳ ಮುಂದೆ ಹಾಸಿದ. ಕೋರ್ಟಿಗೆ ಹೋಗುವ ಮುಂಚೆ ಇದನ್ನು ಅವಳು ನೋಡಬೇಕು ಎಂದುಕೊಂಡಿದ್ದ. ನಿಜ ಹೇಳಬೇಕೆಂದರೆ ಅವಳು ನೋಡುವುದನ್ನು ತಾನು ನೋಡಬೇಕಿತ್ತು.

"ಇದು ನಿಮ್ಮ ಎದಿ."

ಅವಳು ಬೆರಳ ತುದಿಯಿಂದ ಗೆರೆಯನ್ನು ಮುಟ್ಟಿದಳು, ಒಲೆಯ ಬಿಸಿ ನೋಡುವವರ ಹಾಗೆ.

"ಇದೇನರಿ, ಇಲ್ಲಿ ಗೆರಿ ಹಿಂಗ ಒತ್ತೊತ್ತಿ ಬಂದಾವು?"

"ಎದಿ ಹಾರೇತಿ. ದೀಪ ಹಚ್ಚೋ ಹೊತ್ತು." ಅವನು ಪೊಲೀಸರ ದನಿ ತಂದುಕೊಳ್ಳಲು ನೋಡಿದ, ಅದು ಬರಲಿಲ್ಲ. "ಆ ಹೊತ್ತಿಗೆ ಮನಿಗೆ ಯಾರರ ಬಂದಿದ್ರೇನು?"

"ಬಂದಿದ್ರರಿ."

"ಯಾರು?"

ಫಕೀರಮ್ಮ ತಲೆ ಎತ್ತಿದಳು. ಕನಕಗಿರಿ ಬಿಟ್ಟ ಮೇಲೆ ಅವಳು ಅವನ ಮುಖ ನೋಡಿದ್ದು ಅದೇ ಮೊದಲು.

"ಮನ್ಯಾಗ ಯಾರೂ ಎಲಿ ಹಾಕದಿದ್ದರೂ ವಾರ ವಾರ ಎಲಿ ಒಯ್ತಿದ್ದೋರು."

"ಗೊತ್ತಿತ್ತೇನು ನಿನಗ?" 'ನೀವು' ಜಾರಿ 'ನೀನು' ಆದದ್ದು ಅವನ ಗಮನಕ್ಕೇ ಬರಲಿಲ್ಲ.

"ನಿಮ್ಮವ್ವ ನಮ್ಮವ್ವಗ ಹೇಳಿ ನಕ್ಕಿದ್ಲು, ಆಡು ಎಲಿ ತಿಂದು ತಿಂದು ಬಾಯಿ ಕೆಂಪು ಮಾಡಕೊಂಡೈತಿ ಅಂತ. ಅದಕ್ಕ ನಿಮಗ ಯಾವಾಗ್ಲೂ ಎಳೀ ಎಲಿ ಹಾಕಿ ಕೊಡತಿದ್ದೆ. ಆಡಾದ್ರೂ ಛಲೋ ಎಲಿ ತಿನ್ಲಿ ಅಂತ."

ಕಾಲುವೆಯ ನೀರಿನ ಸಪ್ಪಳ ಕೇಳುತ್ತಿತ್ತು. ಅವತ್ತು, ಸಂತೆಯಲ್ಲಿ, ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಗವಿಸಿದ್ದಪ್ಪ ಬದುಕಿರುತ್ತಿದ್ದ. ಈ ಅಂಗಳ ಇನ್ನಾರದ್ದೋ ಆಗಿರುತ್ತಿತ್ತು. ವೆಂಕೋಬನಿಗೆ ಎದೆ ಬಿರಿಯುವಷ್ಟು ಆಸೆಯಾಯಿತು, ಆ ಗೋಣಿಯ ಮುಂದೆ ಮತ್ತೊಮ್ಮೆ ನಿಲ್ಲಬೇಕೆಂದು.

ಅವನೇ ಎಚ್ಚರಗೊಂಡ. "ಫಕೀರಮ್ಮಾ, ಈ ಎದಿಗೆ ರೋಗ ಐತಿ. ಡಾಕ್ಟ್ರು ಇವತ್ತ ಬರಬೇಕು ಅಂದಾರ. ಕನಕಪ್ಪ ನುಂಗೂ ಗುಳಿಗಿ ಅವನದಲ್ಲ, ನಿನ್ನವು."

"ಗೊತ್ತೈತ್ರಿ."

"ಗೊತ್ತೈತಿ?"

"ಸಣ್ಣಾಕಿದ್ದಾಗಿಂದ ನನ್ನ ಎದ್ಯಾಗ ಗುಬ್ಬಿ ಹೊಕ್ಕಂಗ ಆಗತೈತಿ. ಡಾಕ್ಟ್ರು ರೋಗದ ಸುದ್ದಿ ಹೇಳೂಮುಂದ, ಅದು ನಂದು ಅಂತ ಕುಂತಲ್ಲೇ ತಿಳೀತು. ಅವ್ರಿಗೆ ತಿಳಿಲಿಲ್ಲ. ಅಂಜಿ ಬೆವತ್ರು." ಅವಳ ತುಟಿಯ ಅಂಚಿನಲ್ಲಿ ನಗುವಿನಂಥದ್ದೇನೋ ಹಾದುಹೋಯಿತು. "ದಿನಾ ನನ್ನ ಕೈಯಿಂದನ ಗುಳಿಗಿ ತಗೋತಾನ. ಒಂದು ಕೊಡು ಅಂದಿದ್ರು ಡಾಕ್ಟ್ರು. ನಾ ಒಂದಕ್ಕ ನಿಲ್ಲಸಲಿಲ್ಲ."

ಇಷ್ಟು ಹೊತ್ತು 'ಅವರು' ಆಗಿದ್ದ ಗಂಡ ಈಗ 'ಅವನು' ಆಗಿದ್ದ. ವೆಂಕೋಬ ಎದ್ದು ನಿಂತ. ಗೋಡೆಯ ಮಾಡದಲ್ಲಿ ಗುಳಿಗೆಯ ಸೀಸೆ ಕಾಣುತ್ತಿತ್ತು. ಎತ್ತಿ ಅಲುಗಿಸಿದ. ಸಪ್ಪಳವಿಲ್ಲ.

"ಇದರಾಗಿನ ಗುಳಿಗಿ ಎಲ್ಲಿ?"

"ಮುಂಜಾನಿಂದ ಅವನ ತಲಿ ತಿರಗತಿತ್ತು. ಮಜ್ಜಿಗಿ ಕೊಡು ಅಂದ. ಉಳದಿದ್ದಷ್ಟೂ ಅರದು ಅದರಾಗ ಹಾಕಿ ಕೊಟ್ಟೆ."

"ಕನಕಪ್ಪ ಎಲ್ಲಿ ಅದಾನ?"

"ಹೇಮಗುಡ್ಡಕ್ಕ ಹೋಗ್ಯಾನ. ಇವತ್ತ ಖರೇನ ಹೋಗ್ಯಾನ. ಕೇಸು ಮುಚ್ಚಿದ್ರ ಗುಡ್ಡ ಹತ್ತಿ ಕಾಯಿ ಒಡಸ್ತೀನಿ ಅಂತ ಹರಕಿ ಹೊತ್ತಿದ್ನಂತ. ನಾಳೆ ಮುಚ್ಚತೈತಂತಲ್ಲ? ನಿಮ್ಮ ಜೀಪಿನ ಮುಂದ ಒಂದು ಟೆಂಪೊ ಹೋಗಲಿಲ್ಲೇನು, ಅದರಾಗ ಅದಾನ."

ಆ ಧೂಳು! ಕನಕಪ್ಪನ ಬೆನ್ನ ಹಿಂದೆಯೇ ತಾವು ಬಂದಿದ್ದರು. ಸುಡುಬಿಸಿಲು, ಕಡಿದಾದ ಗುಡ್ಡ, ಒಂದು ಸೀಸೆಯ ಗುಳಿಗೆ. ಈಗಲೇ ಹೊರಟರೆ ಮೆಟ್ಟಿಲ ಬುಡದಲ್ಲಿ ಹಿಡಿಯಬಹುದು. ಹಿಡಿಯದಿದ್ದರೆ ಕೊಲೆಗಾರ ಗುಟ್ಟು ನುಂಗಿಕೊಂಡೇ ಸಾಯುತ್ತಾನೆ, ಫಕೀರಮ್ಮನ ಕೊರಳಿಗೆ ಹಗ್ಗ ಬರುತ್ತದೆ.

"ಮದಾರಸಾಬ! ಗಾಡಿ ಚಾಲೂ ಮಾಡು!"

ಅವನು ಅಂಗಳ ದಾಟಲಿಲ್ಲ. ಹಿಂದೆ ಮೊರ ಬಿದ್ದ ಸಪ್ಪಳವಾಯಿತು. ಅಕ್ಕಿ ಪಡಸಾಲೆಯ ತುಂಬ ಚೆಲ್ಲಿತ್ತು. ಫಕೀರಮ್ಮ ಕಂಬಕ್ಕೆ ಒರಗಿ, ಎರಡೂ ಕೈಯಿಂದ ಎದೆ ಒತ್ತಿ ಹಿಡಿದು ಮೆಲ್ಲಗೆ ಕೆಳಗೆ ಜಾರುತ್ತಿದ್ದಳು.

ವೆಂಕೋಬ ಓಡಿ ಬಂದು ಅವಳ ಮಣಿಕಟ್ಟು ಹಿಡಿದ. ಜೀವಮಾನದಲ್ಲಿ ಅವಳನ್ನು ಮುಟ್ಟಿದ್ದು ಅದೇ ಮೊದಲು. ಬೆರಳಿನ ಕೆಳಗೆ ಒಂದು ಬಡಿತ ಬಂತು, ಒಂದು ತಪ್ಪಿತು, ಆಮೇಲೆ ಮೂರು ನಾಲ್ಕು ಗಡಿಬಿಡಿಯಲ್ಲಿ ಓಡಿ ಬಂದವು. ಕಾಗದದ ಮೇಲೆ ಕಂಡದ್ದೇ ಕೈಗೆ ಸಿಕ್ಕಿತು.

"ಅವತ್ತ ಬಾಗಲತನಾ ಬಂದು ಹೊಳ್ಳಿ ಹೋದ್ರಿ," ಎಂದಳು ಅವಳು. ದನಿ ತೀರ ಸಣ್ಣಗಾಗಿತ್ತು. "ಇವತ್ತರ ಹೋಗಬ್ಯಾಡ್ರಿ."

"ಎಲ್ಲೂ ಹೋಗೂದಿಲ್ಲ. ನೀ ಮಾತಾಡಬ್ಯಾಡ."

ಅವನೂ ಮದಾರಸಾಬನೂ ಸೇರಿ ಅವಳನ್ನು ಎತ್ತಿ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ವೆಂಕೋಬ ಹಿಡಿದ ಮಣಿಕಟ್ಟು ಬಿಡದೆ ಪಕ್ಕದಲ್ಲಿ ಕೂತ. ಮದಾರಸಾಬ ಜೀಪನ್ನು ಡಾಂಬರು ರಸ್ತೆಗೆ ತಂದು ನಿಲ್ಲಿಸಿದ. ಎಡಕ್ಕೆ ಗಂಗಾವತಿ, ಡಾಕ್ಟರು. ಬಲಕ್ಕೆ ಹೇಮಗುಡ್ಡ, ಕನಕಪ್ಪ. ಎರಡೂ ಕಡೆ ಬಸ್ಸಿಲ್ಲ, ಲಾರಿಯಿಲ್ಲ, ಬಿಸಿಲು ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ.

"ಯಾವ ಕಡೆ ಹೊಡೀಲಿ, ಸಾಹೇಬ್ರ?"

ವೆಂಕೋಬ ಬಾಯಿ ತೆರೆದ. ಅಷ್ಟರಲ್ಲಿ ಅವನ ಬೆರಳಿನ ಕೆಳಗೆ ಒಂದು ಬಡಿತ ತಪ್ಪಿತು. ಮುಂದಿನದಕ್ಕಾಗಿ ಅವನು ಕಾದ. ಅದು ಬರಲಿಲ್ಲ.